ಬೆವರಿನ ದುಡ್ಡಿಗೆ ಸ್ಪೆಲ್ಲಿಂಗ್ ಬೀಗ!

ಕನ್ನಡದ ಯುವಕ ಯುವತಿಯರೇ,

ಅಟ್ಟದ ಮೇಲಿರುವ ಹಳೇ ಟ್ರಂಕನ್ನು ಇವತ್ತೇ ಇಳಿಸಿ. ಅಪ್ಪ ಮಿಲ್ಲಿನಲ್ಲಿ ದುಡಿದಾಗಿನ ಸಂಬಳದ ಚೀಟಿ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಗಿನ ಗುರುತಿನ ಚೀಟಿ ಅದರಲ್ಲಿದ್ದೀತು. ಅದು ರದ್ದಿ ಕಾಗದವಲ್ಲ. ದುಡ್ಡು!

ಬಿನ್ನಿ ಮಿಲ್ ಮುಚ್ಚಿತು. ಮಿನರ್ವ ಮಿಲ್ ಮುಚ್ಚಿತು. ಎನ್‌ಜಿಇಎಫ್ ಮುಚ್ಚಿತು. ಹೆಸರೂ ಉಳಿಯದಂತೆ ಮುಚ್ಚಿಹೋದ ಸಣ್ಣ ಕಾರ್ಖಾನೆಗಳಿಗೆ ಲೆಕ್ಕವಿಲ್ಲ. ಆದರೆ ಕಾರ್ಖಾನೆಗೆ ಬೀಗ ಬಿದ್ದ ಮಾತ್ರಕ್ಕೆ ಕಾರ್ಮಿಕನ ಭವಿಷ್ಯ ನಿಧಿ ಮುಳುಗುವುದಿಲ್ಲ. 1952ರ ಕಾಯ್ದೆಯಿಂದ ಬಂದ ಈ ಪಿಎಫ್ ಯಾರಪ್ಪನ ಮನೆಯ ದಾನವೂ ಅಲ್ಲ. ಅದು ಕೈಗೆ ಕೊಡದೆ ಹಿಡಿದಿಟ್ಟ ಕೂಲಿ! ಹೀಗೆ ನಿಷ್ಕ್ರಿಯ ಖಾತೆಗಳಲ್ಲಿ ಬಿದ್ದಿರುವ ಹಣ ಎಷ್ಟು ಗೊತ್ತೇ? 2023-24ರ ಲೆಕ್ಕದಂತೆ ದೇಶದಲ್ಲಿ 21 ಲಕ್ಷಕ್ಕೂ ಹೆಚ್ಚು ಖಾತೆ, 8,500 ಕೋಟಿ ರೂಪಾಯಿಗೂ ಹೆಚ್ಚು ಹಣ. ಇದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ.

ದುಡಿದವರು ಬದುಕಿದ್ದಾರೆ, ದುಡ್ಡು ಇದೆ. ಹಾಗಾದರೆ ಕೈಗೇಕೆ ಬರುತ್ತಿಲ್ಲ?

2014ರಲ್ಲಿ ಯುಎಎನ್ ಬರುವ ಮೊದಲು ಕೆಲಸ ಬದಲಾದಾಗಲೆಲ್ಲ ಪಿಎಫ್ ನಂಬರೂ ಬದಲಾಗುತ್ತಿತ್ತು. ಆ ನಂಬರು ಕಳೆದವರು ಎಷ್ಟೋ ಜನ. ನಂಬರು ಸಿಕ್ಕವರಿಗೆ ಇನ್ನೊಂದು ಗೋಡೆ: ಹೆಸರು! ಕನ್ನಡದಲ್ಲಿ ‘ಗೀತಾ’ ಒಂದೇ. ಇಂಗ್ಲಿಷಿನಲ್ಲಿ ‘ಹೆಚ್’ ಸೇರಿಸಿ ಒಂದು, ಬಿಟ್ಟು ಇನ್ನೊಂದು, ಎರಡು ‘ಇ’ ಹಾಕಿ ಮತ್ತೊಂದು. ನಮ್ಮ ಇನಿಷಿಯಲ್‌ಗಳಲ್ಲಿ ಊರೂ ಇದೆ, ತಂದೆಯ ಹೆಸರೂ ಇದೆ. ಒಂದು ದಾಖಲೆಯಲ್ಲಿ ಅದು ಮುಂದೆ, ಇನ್ನೊಂದರಲ್ಲಿ ಹಿಂದೆ. ಆಫೀಸಿನ ಗುಮಾಸ್ತ ಅಂದು ಗೀಚಿದ ಸ್ಪೆಲ್ಲಿಂಗ್ ಇಂದಿನ ಆಧಾರ್‌ಗೆ ಹೊಂದದಿದ್ದರೆ ಅರ್ಜಿ ವಾಪಸ್! ಕಾರಣ? ಇಂಗ್ಲಿಷಿನ ಒಂದು ಸಾಲು. ತನ್ನ ಹೆಸರನ್ನು ಕನ್ನಡದಲ್ಲಿ ಸರಿಯಾಗಿಯೇ ಬರೆಯುವ ತಾಯಿ, ತಾನು ಬರೆಯದ ಭಾಷೆಯ ತಪ್ಪಿಗೆ ದಂಡ ಕಟ್ಟಬೇಕೇ? ಆಕೆಯ ಆಧಾರ್ ಚೀಟಿಯಲ್ಲಿ ಕನ್ನಡದಲ್ಲೂ ಹೆಸರು ಅಚ್ಚಾಗಿದೆಯಲ್ಲ, ಅದು ಕಣ್ಣಿಗೆ ಕಾಣುವುದಿಲ್ಲವೇ?

ಅಳುತ್ತ ಕೂತರೆ ಆಗದು. ಆಯುಧ ನಿಮ್ಮ ಕೈಯಲ್ಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಓದಿ. ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬಹುದು ಎಂದು ಅದೇ ಹೇಳುತ್ತದೆ. ಅಂದರೆ ಬೆಂಗಳೂರಿನ ಪಿಎಫ್ ಕಚೇರಿಗೆ ಕನ್ನಡದಲ್ಲೇ ಬರೆಯುವುದು ನಿಮ್ಮ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕಾರ್ಖಾನೆಯ ಹೆಸರು, ವಿಳಾಸ, ದುಡಿದ ವರ್ಷಗಳನ್ನು ಬರೆದು ಖಾತೆ ಎಲ್ಲಿದೆ, ಎಷ್ಟಿದೆ ಎಂದು ಕೇಳಿ. ದೊಡ್ಡ ಕಂಪನಿಗಳು ಕೆಲವು ಸ್ವಂತ ಪಿಎಫ್ ಟ್ರಸ್ಟ್ ನಡೆಸುತ್ತಿದ್ದವು. ಆ ಟ್ರಸ್ಟ್ ಏನಾಯಿತು ಎಂದೂ ಕೇಳಿ. ಮಾಲೀಕ ಸಹಿ ಹಾಕಲು ಇಲ್ಲದಿದ್ದರೆ ಗೆಜೆಟೆಡ್ ಅಧಿಕಾರಿಯ ಅಥವಾ ಬ್ಯಾಂಕ್ ಮ್ಯಾನೇಜರರ ದೃಢೀಕರಣದ ದಾರಿಯಿದೆ. 1995ರಲ್ಲಿ ಬಂದ ಪಿಂಚಣಿ ಯೋಜನೆಯನ್ನೂ ಮರೆಯಬೇಡಿ. ಹತ್ತು ವರ್ಷದ ಸೇವೆ ಆಗಿದ್ದರೆ ತಿಂಗಳ ಪಿಂಚಣಿಯ ಹಕ್ಕಿದೆ. ಬೇರೆ ಬೇರೆ ಕಡೆ ದುಡಿದದ್ದನ್ನು ಕೂಡಿಸದೆ ಬಿಟ್ಟರೆ ಆ ಹಕ್ಕೇ ಕೈತಪ್ಪೀತು.

ಕೇಳಿದರೆ ದಿಲ್ಲಿ ಬಗ್ಗುತ್ತದೆಯೇ ಎನ್ನುವವರು 2016ರ ಏಪ್ರಿಲ್ ನೆನಪಿಸಿಕೊಳ್ಳಲಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ಮುಟ್ಟಕೂಡದೆಂದು ಕೇಂದ್ರ ಆಜ್ಞೆ ಹೊರಡಿಸಿತ್ತು. 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಲಾಠಿ ಬಿತ್ತು, ಹಿಂಜರಿಯಲಿಲ್ಲ. 19ರಂದೇ ಆಜ್ಞೆ ವಾಪಸಾಯಿತು! ಇಡೀ ದೇಶದ ಕಾರ್ಮಿಕರ ದುಡ್ಡು ಉಳಿಸಿದ್ದು ನಮ್ಮ ಈ ಅಕ್ಕತಂಗಿಯರು. ಅವರ ಅರ್ಜಿಯೇ ಸ್ಪೆಲ್ಲಿಂಗ್ ನೆಪದಲ್ಲಿ ವಾಪಸಾಗುವುದೆಂದರೆ ನಾಚಿಕೆಗೇಡು!

ನಮ್ಮ ಬೇಡಿಕೆ ಮೂರೇ. ಅರ್ಜಿ ತಿರಸ್ಕರಿಸಿದರೆ ಕಾರಣ ಕನ್ನಡದಲ್ಲಿ ಬರಲಿ. ಕನ್ನಡದ ಹೆಸರು ತಾಳೆಯಾದರೆ ಇಂಗ್ಲಿಷ್ ಅಕ್ಷರದ ನೆಪ ನಿಲ್ಲಲಿ. ಪಿಎಫ್ ಕಚೇರಿಯ ಪ್ರತಿ ಕೌಂಟರಿನಲ್ಲೂ ಕನ್ನಡ ಬಲ್ಲವರು ಕೂರಲಿ. ಖಾತೆಯ ಬಾಕಿ ತಿಳಿಸುವ ಎಸ್‌ಎಂಎಸ್ ಕನ್ನಡದಲ್ಲಿ ಬರುವಂತೆ ಮಾಡಿದ ಇಲಾಖೆಗೆ ಇದು ಬೆಟ್ಟ ಹೊರುವ ಕೆಲಸವೇ?

ಗೆಳೆಯರೇ, ಕಂಪ್ಯೂಟರು ಬಲ್ಲ ನೀವು ಭಾನುವಾರ ಒಂದು ಗಂಟೆ ನಿಮ್ಮ ಬೀದಿಯ ಹಿರಿಯರ ಜೊತೆ ಕೂರಿ. ಕನ್ನಡದಲ್ಲಿ ಅರ್ಜಿ ಬರೆಯಿರಿ, ಕನ್ನಡದಲ್ಲಿ ಉತ್ತರ ಕೇಳಿ. ಬಾವುಟ ಹಿಡಿಯುವ ಕೈ ಒಬ್ಬ ಮುದುಕಿಯ ಪಿಎಫ್ ಬಿಡಿಸಿಕೊಡಲಿ. ಅದೂ ಕನ್ನಡದ ಕೆಲಸವೇ!