ಊರು ಒಂದೇ, ಕುಲ ಬೇರೆ

ಊರಿನ ಹೆಸರನ್ನು ವ್ಯಕ್ತಿಯ ಹೆಸರಿನೊಡನೆ ಸೇರಿಸಿ ಹೇಳುವುದು ನಮ್ಮ ಕಾಸರಗೋಡಿನ ರೂಢಿ. ಕಯ್ಯಾರ ಕಿಞ್ಞಣ್ಣ ರೈಗಳನ್ನೂ ಮಂಜೇಶ್ವರ ಗೋವಿಂದ ಪೈಗಳನ್ನೂ ನಾವು ನೆನೆಯುವುದು ಹಾಗೆಯೇ. ಒಂದೇ ಊರಿನ ಹೆಸರು ಇಬ್ಬರಿಗಿದ್ದ ಮಾತ್ರಕ್ಕೆ ಅವರನ್ನು ದಾಯಾದಿಗಳೆಂದು ಯಾರೂ ಭಾವಿಸುವುದಿಲ್ಲ.

ಜೀವಿಗಳ ಲ್ಯಾಟಿನ್ ಹೆಸರಿನಲ್ಲಿಯೂ ಮೊದಲ ಪದವಷ್ಟೇ ಕುಲವನ್ನು ತಿಳಿಸುತ್ತದೆ. ಎರಡನೆಯದು ಬಣ್ಣವನ್ನೋ ಗುಣವನ್ನೋ ಊರನ್ನೋ ಸೂಚಿಸುವ ವಿಶೇಷಣ. ಬೇರೆ ಬೇರೆ ಕುಲಗಳಲ್ಲಿ ಅದನ್ನು ಎಷ್ಟು ಸಲವಾದರೂ ಬಳಸಬಹುದು. ರಾಮಪತ್ರೆಯ ಮರ ‘ಮಿರಿಸ್ಟಿಕ ಮಲಬಾರಿಕ’. ಘಟ್ಟದ ಹಾರುವ ಕಪ್ಪೆ ‘ರಾಕೋಫೋರಸ್ ಮಲಬಾರಿಕಸ್’. ಹಳದಿ ಟಿಟ್ಟಿಭ ‘ವ್ಯಾನೆಲಸ್ ಮಲಬಾರಿಕಸ್’. ಮರ, ಕಪ್ಪೆ, ಹಕ್ಕಿಗಳಿಗೆ ಬಂಧುತ್ವವಿಲ್ಲ, ಇರುವುದು ವಿಳಾಸವೊಂದೇ. ಪದದ ಕೊನೆ ಬದಲಾಗುವುದು ಕುಲನಾಮದ ಲಿಂಗವನ್ನು ಅನುಸರಿಸಿ.

ವಿಳಾಸ ತಪ್ಪಾಗಿರುವುದೂ ಉಂಟು. ಲಿನ್ನೇಯಸ್ 1753ರಲ್ಲಿ ಮಾವಿಗೂ ಹುಣಸೆಗೂ ‘ಇಂಡಿಕ’ ಎಂಬ ವಿಶೇಷಣವನ್ನಿತ್ತನು. ಹುಣಸೆಯ ತವರು ಆಫ್ರಿಕವೆಂದು ಬಳಿಕ ತಿಳಿದುಬಂದರೂ ಹೆಸರು ತಿದ್ದಲ್ಪಡಲಿಲ್ಲ. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬುದು ನಿಯಮ. ಹೊಸ ಅಧ್ಯಯನದಿಂದ ಕುಲನಾಮ ಬದಲಾಗಬಹುದು. ವಿಶೇಷಣ ಮಾತ್ರ ಜೀವಿಯ ಬೆನ್ನು ಬಿಡದು. 1854ರಲ್ಲಿ ಜೆರ್ಡನ್ ಹೆಸರಿಸಿದ ಮಲಬಾರ್ ಗುಳಿಮಂಡಲ ಹಾವು ಒಂದಕ್ಕಿಂತ ಹೆಚ್ಚು ಸಲ ಕುಲ ಬದಲಿಸಿಯೂ ‘ಮಲಬಾರಿಕಸ್’ ಆಗಿಯೇ ಉಳಿದಿದೆ.

ಅಳಿದುಹೋದ ಜೀವಿಗಳಿಗೂ ಇದೇ ಕ್ರಮ. ಜಬಲ್ಪುರದಲ್ಲಿ ದೊರೆತ ಡೈನೋಸಾರಿನ ಎಲುಬುಗಳಿಗೆ 1877ರಲ್ಲಿ ಲಿಡೆಕ್ಕರ್ ಇಟ್ಟ ಹೆಸರು ‘ಟೈಟಾನೋಸಾರಸ್ ಇಂಡಿಕಸ್’. ನಮ್ಮ ಅಂಗಳದ ಮಾವಿಗೂ ಕಲ್ಲಾದ ಆ ಎಲುಬಿಗೂ ಹೀಗೆ ಒಂದೇ ವಿಶೇಷಣ. ಒಂದು ಪ್ರತಿವರ್ಷ ಹೂಬಿಡುತ್ತಿದೆ. ಇನ್ನೊಂದರ ಪಾಲಿಗೆ ಉಳಿದಿರುವುದು ನಾಲ್ಕು ಎಲುಬು, ಒಂದು ಹೆಸರು.

ರಾಮಪತ್ರೆ ಇಂದು ಈ ಎರಡರ ನಡುವೆ ನಿಂತಿದೆ. ಅದು ಬೆಳೆಯುವ ಕಾಡು ಕಿರಿದಾಗುತ್ತಿದೆ. ಪತ್ರೆಯ ಆಸೆಗೆ ಕಾಯಿ ಬಲಿಯುವ ಮುನ್ನವೇ ಕೊಯ್ಯುವವರೂ ಇದ್ದಾರೆ. ಅಳಿವಿನ ಭೀತಿಯುಳ್ಳ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ‘ಮಲಬಾರಿಕ’ ಎಂಬ ಪದವನ್ನು ನಿಯಮ ಕಾಯುತ್ತದೆ. ಅದಕ್ಕೆ ನಮ್ಮ ನೆರವು ಬೇಕಿಲ್ಲ. ನೆರವು ಬೇಕಾದುದು ಮರಕ್ಕೆ. ಕಾಯಿ ಬಲಿತು ಬಿರಿಯುವವರೆಗೆ ಕಾದು, ನಾಲ್ಕು ಬೀಜಗಳನ್ನು ನೆಲಕ್ಕೆ ಬಿಟ್ಟುಬಂದರೆ, ವಿಳಾಸದಲ್ಲಿ ನಿವಾಸಿಯೂ ಉಳಿದಾನು.