ಸಾಕುಹಲ್ಲಿಯ ನೆಲವೂ ಮೊಟ್ಟೆಯಿಡುವ ಪೆಟ್ಟಿಗೆಯೂ

ಮೂಕಜೀವಿಯೊಂದನ್ನು ಮನೆಯೊಳಗೆ ತಂದಿರಿಸುವವರು ಅದರ ಆಹಾರ ನೀರುಗಳಿಗೆ ಮಾತ್ರವಲ್ಲ, ಅದು ಕಾಲೂರುವ ನೆಲಕ್ಕೂ ಹೊಣೆಗಾರರಾಗಿರುತ್ತಾರೆ. ಪರದೇಶಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ತಮ್ಮ ಮಕ್ಕಳು ಲೆಪರ್ಡ್ ಗೆಕ್ಕೋ ಎಂಬ ಚುಕ್ಕೆಯ ಹಲ್ಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಿರುವರೆಂದೂ, ಅದರಲ್ಲಿ ಏನನ್ನು ಹಾಸಬೇಕೆಂದು ಕೇಳಿದರೆ ಅಂಗಡಿಯವರು ಒಂದು, ನೆರೆಯವರು ಇನ್ನೊಂದು ಹೇಳುವರೆಂದೂ ಬರೆದಿರುತ್ತಾರೆ. ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ತಕ್ಕದಲ್ಲದ ಹಾಸಿನಿಂದ ಈ ಪ್ರಾಣಿಯು ಸಾಯುವುದೂ ಉಂಟು. ಆದುದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸುತ್ತೇವೆ.

ಮೊದಲು ಅದರ ಹುಟ್ಟುನೆಲವನ್ನು ತಿಳಿಯತಕ್ಕದ್ದು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬವರು 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಅವರು ವರ್ಣಿಸಿದ ಹಲ್ಲಿಯು ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಸಾಲ್ಟ್ ರೇಂಜ್ ಬೆಟ್ಟಗಳದು. ನಮ್ಮ ಗೋಡೆಯ ಹಲ್ಲಿಗಿರುವಂತೆ ಇದರ ಬೆರಳುಗಳಲ್ಲಿ ಅಂಟಿಕೊಳ್ಳುವ ಪಟ್ಟಿಗಳಿಲ್ಲ. ಆದಕಾರಣ ಇದು ನೆಲದ ಮೇಲೆ ನಡೆಯುವ ಪ್ರಾಣಿ. ಹಗಲೆಲ್ಲಾ ಕಲ್ಲಿನ ಸಂದಿಯಲ್ಲಿಯೋ ಬಿಲದಲ್ಲಿಯೋ ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಹುಳಗಳನ್ನು ಹುಡುಕಿಕೊಂಡು ಹೊರಡುತ್ತದೆ. ಅದು ವಾಸಿಸುವ ಒಣನಾಡು ಬಹುಮಟ್ಟಿಗೆ ಕಲ್ಲುಬಂಡೆಗಳೂ ಗಟ್ಟಿಮಣ್ಣೂ ಉಳ್ಳದ್ದೇ ಹೊರತು, ಕಾಲು ಹೂತುಹೋಗುವ ಮರಳುಗುಡ್ಡೆಯಲ್ಲ.

ಹೀಗಿರುವಲ್ಲಿ, ಒಣನಾಡಿನ ಪ್ರಾಣಿಗೆ ಮರಳೇ ಸಹಜವೆಂದು ಹೇಳಿ ಬಣ್ಣಬಣ್ಣದ ಸಡಿಲ ಮರಳನ್ನು ಮಾರುವುದು ಯುಕ್ತವೆಂದು ನಮಗೆ ತೋರುವುದಿಲ್ಲ. ಹುಳವನ್ನು ಹಿಡಿಯುವಾಗ ಮರಳೂ ಬಾಯೊಳಗೆ ಹೋಗುತ್ತದೆ. ಅದು ಕರುಳಿನಲ್ಲಿ ಸೇರಿಕೊಂಡು ಗಟ್ಟಿಯಾದರೆ ಪ್ರಾಣಿಯು ಮಲವಿಸರ್ಜನೆ ಮಾಡಲಾರದೆ, ಆಹಾರವನ್ನು ಬಿಟ್ಟು ಕೃಶವಾಗುತ್ತದೆ. ಸುಣ್ಣದ ಅಂಶವುಳ್ಳ ಮರಳು ತಿಂದರೂ ಬಾಧಕವಿಲ್ಲವೆಂಬ ಮಾತನ್ನು ನಂಬತಕ್ಕದ್ದಲ್ಲ. ಶರೀರದಲ್ಲಿ ಸುಣ್ಣದ ಕೊರತೆಯುಳ್ಳ ಹಲ್ಲಿಯು ಅಂಥ ಮರಳನ್ನು ಬೇಕೆಂದೇ ನೆಕ್ಕುವುದರಿಂದ ಅಪಾಯವು ಹೆಚ್ಚುವುದೇ ಸರಿ. ಸುಣ್ಣದ ಪುಡಿಯನ್ನು ಚಿಕ್ಕ ತಟ್ಟೆಯಲ್ಲಿ ಬೇರೆಯಾಗಿ ಇಡುವುದು ಒಳ್ಳೇದು.

ಇದಕ್ಕೆ ಪ್ರತಿಯಾಗಿ ಕೆಲವರು, ಕಾಡಿನ ಹಲ್ಲಿಯು ಮಣ್ಣಿನ ಮೇಲೆಯೇ ಬದುಕುವುದಲ್ಲವೇ, ಮಣ್ಣೆಂದರೆ ಹೆದರಿಕೆ ಏಕೆ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಶಾಖ, ನೀರು, ಪೋಷಣೆ ಇವು ಸರಿಯಾಗಿದ್ದರೆ ಆರೋಗ್ಯವುಳ್ಳ ಹಲ್ಲಿಯು ಸ್ವಲ್ಪ ಮಣ್ಣನ್ನು ನುಂಗಿದರೂ ಹೊರಹಾಕುತ್ತದೆ. ಪೆಟ್ಟಿಗೆಯ ಒಂದು ಬದಿಯ ನೆಲವು ಸುಮಾರು 32ರಿಂದ 34 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಲ್ಲದಿದ್ದರೆ ಯಾವ ಹಾಸಿದ್ದರೂ ಜೀರ್ಣಶಕ್ತಿಯು ಕುಗ್ಗುವುದು. ಆದಕಾರಣ ನಾವು ಮಣ್ಣನ್ನೇ ಜರೆಯುವವರಲ್ಲ. ಪ್ರಾಣಿಯ ವಯಸ್ಸನ್ನೂ ಆರೋಗ್ಯವನ್ನೂ ನೋಡದೆ ಕಣ್ಣಿನ ಚೆಲುವಿಗಾಗಿ ಹಾಸನ್ನು ಆರಿಸುವುದನ್ನು ಮಾತ್ರ ಒಪ್ಪುವುದಿಲ್ಲ.

ಮರಿಗೂ, ರೋಗಿಗೂ, ಹೊಸದಾಗಿ ತಂದ ಹಲ್ಲಿಗೂ ಬರಿಯ ಕಾಗದವೇ ಲೇಸು. ಅದು ಅಗ್ಗವಾದದ್ದು, ದಿನದಿನವೂ ಬದಲಾಯಿಸತಕ್ಕದ್ದು. ಮಲವನ್ನು ನೋಡಿ ಆರೋಗ್ಯವನ್ನು ತಿಳಿಯುವುದಕ್ಕೂ ಅನುಕೂಲವಾದದ್ದು. ಬೆಳೆದ ಹಲ್ಲಿಗೆ ಒರಟು ಮೈಯ ಟೈಲು ಒಳ್ಳೇದು: ಶಾಖವನ್ನು ಹಿಡಿದುಕೊಳ್ಳುತ್ತದೆ, ಉಗುರನ್ನು ಸವೆಸುತ್ತದೆ, ತೊಳೆಯಲು ಸುಲಭ. ಅನುಭವವುಳ್ಳವರು ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ, ನೀರು ಹಾಕಿ ಒತ್ತಿ, ಗಟ್ಟಿಯಾಗಿ ಒಣಗಿಸಿದ ನೆಲವನ್ನೂ ಮಾಡಬಹುದು. ದೇವದಾರು, ಪೈನ್ ಮರಗಳ ವಾಸನೆಯುಳ್ಳ ಹೊಟ್ಟು, ಚೂಪಾದ ಅಕ್ರೋಟಿನ ಸಿಪ್ಪೆಯ ಚೂರು, ಸಣ್ಣ ಜಲ್ಲಿ ಇವುಗಳನ್ನು ಬಿಟ್ಟುಬಿಡತಕ್ಕದ್ದು.

ಹೆಣ್ಣುಹಲ್ಲಿಯಿದ್ದಲ್ಲಿ ಇನ್ನೊಂದು ಕರ್ತವ್ಯವುಂಟು. ಗಂಡಿನ ಜೊತೆಯಿಲ್ಲದಿದ್ದರೂ ಅದು ಬರಡು ಮೊಟ್ಟೆಗಳನ್ನು ಧರಿಸಬಹುದು. ಸಾಮಾನ್ಯವಾಗಿ ಒಂದು ಸಲಕ್ಕೆ 2 ಮೊಟ್ಟೆಗಳು. ಅಗೆಯಲು ತೇವವಾದ ಸ್ಥಳ ಸಿಕ್ಕದಿದ್ದರೆ ಅದು ಮೊಟ್ಟೆಯನ್ನು ಒಳಗೇ ತಡೆದುಕೊಂಡು ಸಾಯಲೂಬಹುದು. ಒಣನೆಲದಲ್ಲಿ ಇಟ್ಟರೆ ಮೆತ್ತಗಿನ ಚಿಪ್ಪಿನ ಆ ಮೊಟ್ಟೆಗಳು ಸೊರಗಿ ಕೆಡುತ್ತವೆ. ಆದುದರಿಂದ ಮುಚ್ಚಳವುಳ್ಳ ಪೆಟ್ಟಿಗೆಗೆ ಹಲ್ಲಿ ಸಲೀಸಾಗಿ ನುಸುಳುವಷ್ಟು ತೂತು ಮಾಡಿ, ಅಂಚನ್ನು ನುಣುಪುಗೊಳಿಸಿ, ಒಳಗೆ 3 ಅಂಗುಲದಷ್ಟು ತೇವದ ಹಾಸನ್ನು ತುಂಬತಕ್ಕದ್ದು. ಇದಕ್ಕೆ ವರ್ಮಿಕ್ಯುಲೈಟ್ ಆಗಬಹುದು, ನಮ್ಮ ನಾಡಿನವರೆಲ್ಲರೂ ಬಲ್ಲ ತೆಂಗಿನ ನಾರಿನ ಹುಡಿಯೂ ಆಗಬಹುದು. ಆದರೆ ಹುಡಿಯಲ್ಲಿ ಗೊಬ್ಬರ ಬೆರೆತಿರಬಾರದು, ಉಪ್ಪಿನಂಶ ಹೋಗುವಂತೆ ತೊಳೆದಿರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಇದೇ ತೇವದ ಅಳತೆ. ಬೂಷ್ಟು ಕಂಡೊಡನೆ ಬದಲಾಯಿಸಬೇಕು. ದಿನಗಳು ಕಳೆದರೂ ಮೊಟ್ಟೆಯಿಡಲಾರದೆ ಹಲ್ಲಿಯು ಬಳಲುತ್ತಿದ್ದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.

ಮರಿ ಮಾಡಿಸಬೇಕೆಂಬವರು ಮೊಟ್ಟೆಯನ್ನು ಹೊರಳಿಸದೆ, ಮೇಲ್ಭಾಗಕ್ಕೆ ಸೀಸದ ಕಡ್ಡಿಯಿಂದ ಗುರುತು ಮಾಡಿ, ಇದ್ದ ಹಾಗೆಯೇ ಬೇರೆ ಕಡೆಗೆ ಸಾಗಿಸಬೇಕು. ಸುಮಾರು 26 ಡಿಗ್ರಿ ಶಾಖದಲ್ಲಿ ಬಹುತೇಕ ಹೆಣ್ಣುಗಳೂ, 32 ಡಿಗ್ರಿಯ ಸುಮಾರಿಗೆ ಹೆಚ್ಚಾಗಿ ಗಂಡುಗಳೂ ಹುಟ್ಟುವುದು ಸೃಷ್ಟಿಯ ಒಂದು ವಿಸ್ಮಯವು. ಆದರೂ ಹುಟ್ಟುವ ಮರಿಗಳಿಗೆ ಒಳ್ಳೆಯ ಮನೆಗಳು ಗೊತ್ತಾಗದ ಹೊರತು ಈ ಕೆಲಸಕ್ಕೆ ಕೈಹಾಕದಿರುವುದೇ ವಿವೇಕ.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಈ ಪ್ರಾಣಿಯು 15, 20 ವರುಷ ಬದುಕಬಲ್ಲದು. ಅಂದರೆ ಇಂದು ಅದನ್ನು ಬೇಡುವ ಹುಡುಗಿಯು ಶಾಲೆ ಬಿಟ್ಟು ಹೋದ ಮೇಲೂ ಅದು ಮನೆಯಲ್ಲಿರುತ್ತದೆ. ಅಷ್ಟು ಕಾಲ ನೋಡಿಕೊಳ್ಳಲಾರದವರು ಕೊಳ್ಳದಿರಲಿ. ಕೊಳ್ಳುವವರು, ಕಾಗದವನ್ನು ಬದಲಾಯಿಸುವುದನ್ನೂ ಪೆಟ್ಟಿಗೆಯ ತೇವವನ್ನು ನೋಡುವುದನ್ನೂ ಮಕ್ಕಳ ಕೈಯಿಂದಲೇ ಮಾಡಿಸಲಿ. ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯಿಸಲಿ. ನನಗೆ ಯಾವುದು ಚಂದ ಎಂಬುದಕ್ಕೆ ಮುಂಚೆ ಅದಕ್ಕೆ ಯಾವುದು ಹಿತ ಎಂದು ಕೇಳಲು ಕಲಿತ ಮಗುವು, ಮುಂದೆ ಮನುಷ್ಯರ ನಡುವೆಯೂ ಹಾಗೆಯೇ ಕೇಳುವುದೆಂದು ನಾವು ನಂಬುತ್ತೇವೆ.