ಉಪ್ಪಾಗೆಗೆ ಬೊಜ್ಜಿಳಿಸುವ ಹಂಗೇಕೆ?

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಪುಟ್ಟ ಕುಂಬಳದಂತೆ ಗೀರುಗಳಿರುವ ಹಳದಿ ಹಣ್ಣು. ಒಣಗಿಸಿದ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಕೇರಳದ ಮೀನುಸಾರಿಗೆ ರುಚಿ ಕೊಡುವ ಕುಡಂಪುಳಿಯೂ ಇದೇ ಸಿಪ್ಪೆ.

ಈ ಹುಳಿ ಸಿಟ್ರಿಕ್, ಟಾರ್ಟಾರಿಕ್ ಆಮ್ಲಗಳದ್ದೆಂದು ಮೊದಲು ನಂಬಲಾಗಿತ್ತು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಸಿಎಫ್‌ಟಿಆರ್‌ಐನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಒಣಸಿಪ್ಪೆಯಲ್ಲಿ ಇದರ ಪ್ರಮಾಣ ಶೇ. 10ರಿಂದ 30. ದೇಹ ಸಕ್ಕರೆಯನ್ನು ಕೊಬ್ಬಾಗಿಸುವ ದಾರಿಯಲ್ಲಿ ಕೆಲಸ ಮಾಡುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಇಲಿಗಳಲ್ಲಿ ಕೊಬ್ಬಿನ ತಯಾರಿ ತಗ್ಗಿದ್ದೂ ನಿಜ. ಅಷ್ಟು ಸಾಕಾಯಿತು, ‘ಗಾರ್ಸಿನಿಯಾ’ ಹೆಸರಿನ ಮಾತ್ರೆಗಳು ಜಗತ್ತಿನ ಅಂಗಡಿಗಳನ್ನು ತುಂಬಿದವು.

ಆದರೆ ಮನುಷ್ಯ ಇಲಿಯಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಬಂದ ಪ್ರಯೋಗದಲ್ಲಿ 135 ಮಂದಿ ಇದ್ದರು. ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಉಳಿದವರಿಗೆ ಹುಸಿಗುಳಿಗೆ, ಎಲ್ಲರಿಗೂ ಪಥ್ಯ. 12 ವಾರಗಳ ಬಳಿಕ ಆಮ್ಲ ಸೇವಿಸಿದವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿಗುಳಿಗೆಯವರು 4.1 ಕಿಲೋ!

ಸಾರಿಗೆ ಹಾಕುವ ಎರಡು ಸಿಪ್ಪೆಯೇ ಬೇರೆ, ಸಾರವನ್ನು ಸಾಂದ್ರಗೊಳಿಸಿ ತಿಂಗಳುಗಟ್ಟಲೆ ನುಂಗುವುದೇ ಬೇರೆ. ಇಂಥ ಪೂರಕಗಳನ್ನು ಸೇವಿಸಿದ ಕೆಲವರ ಯಕೃತ್ತು ಹಾನಿಗೊಂಡು ಕಸಿ ಮಾಡಬೇಕಾಗಿ ಬಂದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಈ ವ್ಯಾಪಾರದ ಬೆಲೆ ತೆತ್ತದ್ದು ಕಾಡು. ಸಿಪ್ಪೆಗೆ ಬೇಡಿಕೆ ಏರಿದಾಗ ಹಣ್ಣು ಬಲಿಯುವ ಮೊದಲೇ ಕೊಯ್ಯುವ, ಕೊಂಬೆಯನ್ನೇ ಕಡಿದು ಕೆಡಹುವ ಪೈಪೋಟಿ ಹುಟ್ಟಿತು. ಮಳೆಯಲ್ಲಿ ಸಿಪ್ಪೆ ಒಣಗಿಸಲು ಮತ್ತಷ್ಟು ಸೌದೆ ಉರಿಯಿತು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಈ ಹಣ್ಣು ಆಹಾರ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಉಪ್ಪಾಗೆಯನ್ನು ಮಾರಬಾರದೆಂದಲ್ಲ. ಕೊಯ್ಯುವ ಕುಟುಂಬಗಳಿಗೆ ಅದು ಮಳೆಗಾಲದ ಕಾಸು. ಅದನ್ನು ಒಳ್ಳೆಯ ಹುಳಿಯಾಗಿ, ಒಳ್ಳೆಯ ತುಪ್ಪವಾಗಿ ಮಾರಲಿ. ಕಡಿಮೆ ಸೌದೆಯ ಒಣಗೂಡುಗಳಿಗೆ ಸರ್ಕಾರ ಸಹಾಯಧನ ಕೊಡಲಿ, ಬಲಿತ ಹಣ್ಣಿಗಷ್ಟೇ ಸಹಕಾರ ಸಂಘಗಳು ಬೆಲೆ ಕಟ್ಟಲಿ. ಮಾತ್ರೆ ಮಾರುವವರು ಯಕೃತ್ತಿನ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಕನ್ನಡದಲ್ಲೂ ದಪ್ಪಕ್ಷರದಲ್ಲಿ ಮುದ್ರಿಸುವುದು ಕಡ್ಡಾಯವಾಗಲಿ.